ನೆತ್ತರುಗೊಡಗೆಯ ನೆಲ

(ಉಪಾಧ್ಯಾಯರೂ ಪುರಜನರೂ ನೆರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಯುದ್ಧವೆಂದರೆ ಅರಸರ ಸೋಲುಗೆಲವುಗಳ ಕಥೆಯೆಂದು ನಾವು ಶಾಲೆಯಲ್ಲಿ ಕಲಿತೆವು. ಕಲಿತುದನ್ನೇ ಮಕ್ಕಳಿಗೂ ಕಲಿಸುತ್ತ ಬಂದಿದ್ದೇವೆ. ಯಾವ ಇಸವಿಯಲ್ಲಿ ಯಾರು ಗೆದ್ದರು, ಯಾವ ಒಡಂಬಡಿಕೆಯಲ್ಲಿ ಯಾವ ಸೀಮೆ ಯಾರ ಪಾಲಾಯಿತು ಎಂಬುದನ್ನು ಬಾಯಿಪಾಠ ಮಾಡಿಸಿದೆವೆಂದರೆ ಪಾಠ ಮುಗಿಯಿತು. ಆದರೆ ದಂಡು ಹೊರಟುಹೋದ ಮೇಲೆ ನೆಲವು ಎಲ್ಲಿಗೂ ಹೋಗುವುದಿಲ್ಲ. ಕಾಳಗ ನಡೆದುದು ಒಂದು ಹಗಲು. ಅದರ ಗುರುತಾದರೋ ಕಲ್ಲಿನಲ್ಲಿ, ಕೆರೆಯಲ್ಲಿ, ಹೊಲದ ಒಡೆತನದಲ್ಲಿ, ನಾಡಿನ ಎಲ್ಲೆಯಲ್ಲಿ ಸಾವಿರ ವರ್ಷ ನಿಲ್ಲುವುದು. ಆ ಗುರುತನ್ನು ಓದಬಲ್ಲವರಿಗೆ ಅದು ಇತಿಹಾಸ. ಓದಲಾರದವರಿಗೆ ಬರಿಯ ಕಲ್ಲುಮಣ್ಣು.

ಈ ಮಾತಿಗೆ ನಿದರ್ಶನವನ್ನು ದೂರದ ಪಾಣಿಪತದಿಂದಾಗಲಿ ಕುರುಕ್ಷೇತ್ರದಿಂದಾಗಲಿ ತರಬೇಕಾದುದಿಲ್ಲ. ಬೆಂಗಳೂರಿನ ಹೊರಸುತ್ತಿನಲ್ಲಿರುವ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಈ ಮೂರು ಸೀಮೆಗಳೇ ಸಾಕು. ಇವು ನಿನ್ನೆ ಮೊನ್ನೆ ಹುಟ್ಟಿದುವು, ಗಾಜಿನ ಕಟ್ಟಡವೂ ಯಂತ್ರದ ಶಬ್ದವೂ ಅಲ್ಲದೆ ಇವಕ್ಕೆ ಬೇರೆ ಚರಿತ್ರೆಯಿಲ್ಲ ಎಂದು ಬಗೆಯುವವರು ಬಹುಮಂದಿ. ಅದು ಸರಿಯಲ್ಲವೆಂದು ತೋರಿಸುವುದೂ, ತೋರಿಸಿದ ಮೇಲೆ ನಮ್ಮೆಲ್ಲರ ಪಾಲಿಗೆ ಬಂದ ಒಂದು ಋಣವನ್ನು ನೆನಪಿಗೆ ತರುವುದೂ ಇಂದಿನ ನಮ್ಮ ಉದ್ದೇಶ.

ಬೇಗೂರಿನ ಸಾಕ್ಷ್ಯ

ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಿಂದ ಪಡುವಣಕ್ಕೆ ಅಷ್ಟೇನೂ ದೂರವಲ್ಲದ ಊರು ಬೇಗೂರು. ಗಂಗರ ಕಾಲದಲ್ಲಿ ಅದರ ಹೆಸರು ಬೆಂಪೂರು. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರದೆಂದು ಎಣಿಸಲಾದ ಒಂದು ಕಲ್ಲಿದೆ. ಬೆಂಗಳೂರ ಕಾಳಗದಲ್ಲಿ ನಾಗತ್ತರನೆಂಬ ಅಧಿಕಾರಿಯ ಮನೆಯವನೊಬ್ಬನು ಕಾದಿ ಸತ್ತನೆಂದು ಆ ಕಲ್ಲು ಹೇಳುತ್ತದೆ. ಬೆಂಗಳೂರು ಎಂಬ ಹೆಸರಿಗೆ ದೊರೆತಿರುವ ಬಹು ಹಳೆಯ ಲಿಖಿತ ಸಾಕ್ಷ್ಯವಿದು. ಬೆಂದಕಾಳೂರಿನ ಕಥೆಯನ್ನು ಅಜ್ಜಿಯರು ಚೆನ್ನಾಗಿಯೇ ಹೇಳಿದರು. ಆದರೆ ಆ ಕಥೆಯ ವೀರಬಲ್ಲಾಳನು ಹುಟ್ಟುವುದಕ್ಕೆ ಇನ್ನೂರಕ್ಕೂ ಹೆಚ್ಚು ವರ್ಷಗಳ ಮೊದಲೇ ಈ ಊರಿನ ಹೆಸರು ಕಲ್ಲಿನಲ್ಲಿ ನಿಂತಿತ್ತು. ಅದು ನಿಂತುದು ಬೆಂದ ಕಾಳಿನ ನೆನಪಿಗಲ್ಲ, ಕಾಳಗದಲ್ಲಿ ಬಿದ್ದ ಒಬ್ಬ ಮನುಷ್ಯನ ನೆನಪಿಗೆ ಎಂಬುದನ್ನು ನಾವು ಮರೆಯಬಾರದು.

ಬೇಗೂರಿನದೇ ಮತ್ತೊಂದು ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕಾಲಾಳುಗಳು ಒಂದರ ಮೇಲೊಂದು ಕವಿದಿರುವ ಕದನದ ಚಿತ್ರವನ್ನು ಅದರಲ್ಲಿ ಕಡೆದಿದ್ದಾರೆ. ವೀರಮಹೇಂದ್ರನೊಡನೆ ಅಯ್ಯಪದೇವನು ಕಾದುತ್ತಿರಲಾಗಿ, ಗಂಗರ ಎರೆಯಪ್ಪನು ನಾಗತ್ತರನನ್ನು ಸೇನೆಯೊಡನೆ ನೆರವಿಗೆ ಕಳುಹಿದನು. ತುಂಬೆಪಾಡಿಯಲ್ಲಿ ಕಾಳಗ ಕೈಮೀರಿದಾಗ ನಾಗತ್ತರನು ಆನೆಯೊಡನೆ ತಾಗಿ ಸತ್ತನು. ಅದನ್ನು ಕೇಳಿ ಮೆಚ್ಚಿದ ಎರೆಯಪ್ಪನು ನಾಗತ್ತರನ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಹಾಗೆ ಕೊಟ್ಟ ಊರುಗಳ ಹೆಸರುಗಳನ್ನು ಕಲ್ಲು ಒಂದೊಂದಾಗಿ ಎಣಿಸುತ್ತದೆ. ಬೆಂಪೂರಿನ ಬೆನ್ನಿಗೇ ಬರುವ ಹೆಸರು ತೊವಗೂರು. ಮುಂದೆ ಇಗ್ಗಲೂರು ಬರುವುದು. ಇಂದಿನ ತೋಗೂರು, ಇಗ್ಗಲೂರುಗಳನ್ನು ಬಲ್ಲವರಿಗೆ ಈ ಹೆಸರುಗಳು ಅಪರಿಚಿತವೆನಿಸಲಾರವು.

ಸಭಿಕರು ಒಂದು ಗಳಿಗೆ ಇಲ್ಲಿ ನಿಂತು ಯೋಚಿಸಬೇಕು. 1978ರಲ್ಲಿ ಆರ್. ಕೆ. ಬಾಳಿಗರ ಮುಂದಾಳ್ತನದಲ್ಲಿ ಕಿಯೋನಿಕ್ಸ್ ಸಂಸ್ಥೆಯು ಎಲೆಕ್ಟ್ರಾನಿಕ್ ಸಿಟಿಗೆಂದು ಆರಿಸಿಕೊಂಡ 332 ಎಕರೆ ನೆಲವು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಎಂಬ ಹಳ್ಳಿಗಳದು. ಹೆಸರಿನ ಸಾಕ್ಷ್ಯವನ್ನು ನಂಬುವುದಾದರೆ, ಸಾವಿರದ ನೂರು ವರ್ಷಗಳ ಹಿಂದೆ ನಾಗತ್ತರನ ಸಾವಿಗೆ ಬೆಲೆಯಾಗಿ ಅಳೆದುಕೊಟ್ಟ ನೆಲದ ಮೇಲೆಯೇ ಇಂದು ಲೋಕಪ್ರಸಿದ್ಧವಾದ ಕಂಪೆನಿಗಳು ನಿಂತಿವೆ. ಕದನದಲ್ಲಿ ಮಡಿದವನ ಮನೆತನಕ್ಕೆ ಕೊಡುವ ಭೂಮಿಗೆ ನಮ್ಮ ಹಿರಿಯರು ನೆತ್ತರುಗೊಡಗೆ ಎಂಬ ಹೆಸರಿಟ್ಟರು; ಕತ್ತಿಯ ಕೆಲಸಕ್ಕೆ ಮೆಚ್ಚಿ ಕೊಟ್ಟುದು ಬಾಳ್ಗಚ್ಚು; ಕಲ್ಲು ನಿಲ್ಲಿಸಿ ಕೊಟ್ಟುದು ಕಲ್ನಾಡು. ಯುದ್ಧವು ಭೂಮಿಯ ಒಡೆತನವನ್ನೇ ಮಾರ್ಪಡಿಸುವ ಬಗೆಯನ್ನು ಹೇಳಲು ಇದಕ್ಕಿಂತ ನೇರವಾದ ಮಾತುಗಳು ಬೇರೆ ಯಾವ ಭಾಷೆಯಲ್ಲಿವೆಯೋ ನಾವರಿಯೆವು.

ನಮ್ಮ ವೀರಗಲ್ಲುಗಳಲ್ಲಿ ಬಹುಪಾಲು ಅರಸರವಲ್ಲ ಎಂಬುದು ಗಮನಿಸತಕ್ಕ ಸಂಗತಿ. ತುರುಗೊಳ್ ಎಂದರೆ ದನಗಳನ್ನು ಹಿಡಿದೊಯ್ಯುವವರೊಡನೆ ನಡೆದ ಕಾಳಗ. ಊರಳಿವು ಎಂದರೆ ಊರನ್ನು ಸೂರೆಗೊಳ್ಳುವವರೊಡನೆ ನಡೆದುದು. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೊರೆ ಕೇಳಿ ಓಡಿದುದು. ಇವುಗಳಲ್ಲಿ ಸತ್ತವನು ಒಬ್ಬ ಗಾವುಂಡನೋ ಗೋವಳನೋ ಸೆಟ್ಟಿಯೋ ಆಗಿರುವನು. ಕಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ದೇವಕನ್ನೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಸನ್ನಿಧಿ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಕಲ್ಲು ಇದಕ್ಕೊಂದು ಉದಾಹರಣೆ. ಶ್ರೀಪುರುಷನೆಂಬ ಗಂಗರಾಜನ ಹೆಸರು ಗ್ರಂಥಗಳಲ್ಲಿ ಹೇಗಾದರೂ ಉಳಿಯುತ್ತಿತ್ತು. ಕಿತ್ತಯ್ಯನ ಹೆಸರನ್ನು ಉಳಿಸಿದುದು ಆ ಒಂದು ಕಲ್ಲು. ಗೆದ್ದವನ ಹೊಗಳಿಕೆ ಅರಮನೆಯ ಪ್ರಶಸ್ತಿಯಲ್ಲಿ, ಕಾಪಾಡಿ ಸತ್ತವನ ನೆನಪು ಊರಬಾಗಿಲಿನಲ್ಲಿ: ಹೀಗೆ ನಮ್ಮ ನಾಡು ಎರಡು ನೆನಪುಗಳನ್ನು ಬೇರೆ ಬೇರೆಯಾಗಿಯೇ ಕಾಪಾಡಿಕೊಂಡು ಬಂದಿತು.

ಗೆದ್ದವರು ಕಟ್ಟಿದ ಕೆರೆ

ಇನ್ನು ಮೂಡಲಿಗೆ ಹೋಗೋಣ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ತಲಕಾಡು ಚೋಳರ ವಶವಾಗಿ ಗಂಗವಾಡಿಯ ಅರಸುತನ ಅಳಿಯಿತು. ಸೋತ ನಾಡಿನ ಮೇಲೆ ಗೆದ್ದವರ ಭಾಷೆಯೂ ಅಧಿಕಾರಿಗಳ ಬಿರುದುಗಳೂ ಬಂದುವು. ವೈಟ್‌ಫೀಲ್ಡಿಗೆ ಹೊಂದಿಕೊಂಡ ಕಾಡುಗೋಡಿಯಲ್ಲಿ ರಾಜೇಂದ್ರಚೋಳನ ಕಾಲದ, 1043ರ ಶಾಸನವೊಂದಿದೆ. ಪೆರ್ಮಾಡಿ ಗಾವುಂಡನ ಮಗನಾದ ರಾಜರಾಜ ವೇಳಾನ್ ಎಂಬವನು ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ ತೂಬುಗಳನ್ನಿಡಿಸಿದುದನ್ನು ಅದು ಹೇಳುತ್ತದೆ. ತಂದೆಯ ಹೆಸರನ್ನೂ ಮಗನ ಹೆಸರನ್ನೂ ಹೋಲಿಸಿ ನೋಡಿರಿ. ತಂದೆ ಈ ನಾಡಿನ ಗಾವುಂಡ. ಮಗನು ಧರಿಸಿದುದು ಚೋಳ ಸಾಮ್ರಾಟನ ಹೆಸರುಳ್ಳ ಬಿರುದು. ಒಂದು ತಲೆಮಾರಿನೊಳಗೆ ಕದನವು ಮನೆಯೊಳಗಿನ ಹೆಸರನ್ನೂ ಮಾರ್ಪಡಿಸಿತು. ಆದರೆ ಕೆರೆಗೆ ಹರಿದ ನೀರು, ನೀರುಂಡ ಗದ್ದೆ, ಗದ್ದೆ ಉತ್ತವನು ಇಲ್ಲಿಯವರೇ.

ಇದನ್ನು ಹೇಳಲು ಕಾರಣವಿದೆ. ತಮಿಳು ಅಕ್ಷರದ ಕಲ್ಲನ್ನು ಕಂಡೊಡನೆ ಮುಖ ತಿರುಗಿಸುವ ಕನ್ನಡಾಭಿಮಾನವನ್ನು ನಾವು ಅಭಿಮಾನವೆಂದು ಒಪ್ಪಲಾರೆವು. ಆ ಕಲ್ಲು ನಮ್ಮ ನೆಲದ ಕಥೆಯನ್ನೇ ಹೇಳುತ್ತಿದೆ. ಸೋತ ದಿನಗಳ ದಾಖಲೆಯನ್ನು ಅಳಿಸಿದವರು ಗೆದ್ದ ದಿನಗಳ ದಾಖಲೆಯನ್ನೂ ನಂಬಿಕೆಗೆ ಅನರ್ಹವಾಗಿ ಮಾಡುವರು.

ಬೇಲಿ, ಹುಡೇವು, ಪಾಳು

ಪಾಳೆಯಗಾರರ ಕಾಲದಲ್ಲಿ ಬಯಲುಸೀಮೆಯ ರೂಪವನ್ನು ತಿದ್ದಿದುದು ಭೀತಿಯೆಂದರೆ ತಪ್ಪಾಗದು. ಊರಿಗೊಂದು ಮಣ್ಣಿನ ಗೋಡೆ, ಗೋಡೆಯ ಮೂಲೆಗೊಂದು ಹುಡೇವು, ಸುತ್ತಲೂ ಕಳ್ಳಿ ಕತ್ತಾಳೆಗಳ ದಟ್ಟವಾದ ಬೇಲಿ. ಇವು ಸಂಪತ್ತಿನ ಆಡಂಬರಕ್ಕೆ ಕಟ್ಟಿದುವಲ್ಲ, ಇರುಳು ಬರುವ ಸವಾರರಿಗೆ ಅಂಜಿ ಕಟ್ಟಿದುವು. ಹೊಸಕೋಟೆ, ಆನೇಕಲ್ಲು, ದೇವನಹಳ್ಳಿ ಎಲ್ಲವೂ ಕೋಟೆಯೂರುಗಳು. 1638ರಲ್ಲಿ ವಿಜಾಪುರದ ರಣದುಲ್ಲಾಖಾನನು ಬೆಂಗಳೂರನ್ನು ಕೆಂಪೇಗೌಡನ ವಂಶದಿಂದ ಕಿತ್ತುಕೊಂಡನು; ಷಹಾಜಿಗೆ ಅದು ಜಹಗೀರಾಯಿತು; 1687ರಲ್ಲಿ ಮೊಗಲರ ಕೈಸೇರಿ ಅವರಿಂದ ಚಿಕ್ಕದೇವರಾಜ ಒಡೆಯರಿಗೆ ಬಂದಿತು. ಒಡೆಯರು ಬದಲಾದಂತೆಲ್ಲ ಬೇಲಿ ಮಾತ್ರ ಇನ್ನಷ್ಟು ದಟ್ಟವಾಯಿತು.

1791ರಲ್ಲಿ ಬಂದುದು ಇದಕ್ಕಿಂತ ಘೋರವಾದುದು. ಲಾರ್ಡ್ ಕಾರ್ನ್‌ವಾಲಿಸನು ಘಟ್ಟವನ್ನೇರಿ, ಕೋಲಾರ ಹೊಸಕೋಟೆಗಳನ್ನು ವಶಪಡಿಸಿಕೊಂಡು, ಇಂದು ವೈಟ್‌ಫೀಲ್ಡಿಗೆ ಬಡಗಣ ನೆರೆಯಾಗಿರುವ ಸೀಮೆಯಲ್ಲಿ ಹಾದು ಮಾರ್ಚ್ 5ರಂದು ಬೆಂಗಳೂರಿನ ಮುಂದೆ ನಿಂತನು. 7ರಂದು ಪೇಟೆ ಬಿದ್ದಿತು. 21ರ ಇರುಳು ಕೋಟೆ ಬಿದ್ದಿತು. ಕಿಲ್ಲೇದಾರನಾದ ಬಹಾದೂರ್ ಖಾನನು ಸ್ಥಳದಲ್ಲಿಯೇ ಕಾದಿ ಮಡಿದನು. ಇಷ್ಟು ಪಠ್ಯಪುಸ್ತಕದಲ್ಲಿದೆ. ಅದರಲ್ಲಿಲ್ಲದ ಸಂಗತಿ ಹುಲ್ಲಿನದು. ಶತ್ರುವಿನ ಎತ್ತುಗಳಿಗೆ ಮೇವು ದೊರೆಯದಂತೆ ಟೀಪುವಿನ ಸವಾರರು ದಾರಿಯುದ್ದಕ್ಕೂ ಮೇವನ್ನು ಸುಟ್ಟರು. ಫಿರಂಗಿ ಎಳೆಯುವ ಎತ್ತುಗಳು ಸಾವಿರಗಟ್ಟಲೆ ಬಿದ್ದು ಸತ್ತುವು. ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಹೋದ ಕಾರ್ನ್‌ವಾಲಿಸನು ದೊಡ್ಡ ಫಿರಂಗಿಗಳನ್ನು ತಾನೇ ಕೆಡಿಸಿ ಹಿಂದಿರುಗಬೇಕಾಯಿತು. ರಣನೀತಿಯ ದೃಷ್ಟಿಯಿಂದ ಅದು ಟೀಪುವಿನ ಜಾಣತನ. ಆದರೆ ಸುಟ್ಟ ಹುಲ್ಲು ರೈತನದು. ಸತ್ತ ಎತ್ತುಗಳಲ್ಲಿಯೂ ಎಷ್ಟೋ ಈ ನಾಡಿನ ಕೊಟ್ಟಿಗೆಗಳವೇ ಆಗಿರಬೇಕು. ಮರುವರ್ಷ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಟೀಪುವಿನ ತೋಟದ ಸೈಪ್ರಸ್ ಮರಗಳ ಸಾಲನ್ನು ಇಂಗ್ಲಿಷರು ಕಡಿದು ಮುತ್ತಿಗೆಯ ತಡಿಕೆಗಳಿಗೆ ಬಳಸಿದರು. ರಾಜರ ಕಾದಾಟದಲ್ಲಿ ಮರವೂ ಹುಲ್ಲೂ ಎತ್ತೂ ಯಾವ ಪಕ್ಷವನ್ನೂ ಸೇರಿದುವಲ್ಲ. ಎರಡು ಪಕ್ಷಗಳೂ ಅವುಗಳನ್ನೇ ಮೊದಲು ಬಲಿಗೊಟ್ಟುವು.

1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತಾನು ಕಂಡುದನ್ನು ದಿನದಿನವೂ ಬರೆದಿಟ್ಟಿದ್ದಾನೆ. ಜನರಿಲ್ಲದೆ ಬರಿದಾದ ಊರುಗಳು, ಉಳುವವರಿಲ್ಲದೆ ಪಾಳುಬಿದ್ದ ಹೊಲಗಳು, ಗೋಡೆ ಕಟ್ಟಿಕೊಂಡು ಬದುಕಿದ ಹಳ್ಳಿಗಳು ಅವನ ಗ್ರಂಥದಲ್ಲಿ ಮತ್ತೆ ಮತ್ತೆ ಬರುತ್ತವೆ. ಅವನು ಕಂಪೆನಿಯ ಸೇವಕ. ತನ್ನವರ ತಪ್ಪನ್ನು ಕಡಿಮೆ ಮಾಡಿಯೇ ಬರೆದಿರಬಹುದು. ಹಾಗಿದ್ದರೂ ಅವನ ಪುಟಗಳಲ್ಲಿ ನಾಡಿನ ಗಾಯ ಮರೆಯಾಗಿಲ್ಲ.

ನಾಡನ್ನು ಕೊಯ್ದ ಗೆರೆ

ಪಾಳುಬಿದ್ದ ಹೊಲವನ್ನು ಹತ್ತು ಮಳೆಗಾಲಗಳು ಹಸುರಾಗಿಸುವುವು. ಕಾಗದದ ಮೇಲೆ ಎಳೆದ ಗೆರೆ ಹಾಗೆ ಮಾಯುವುದಿಲ್ಲ. 1792ರ ಒಡಂಬಡಿಕೆಯಲ್ಲಿ ಬಾರಾಮಹಲು ಕಂಪೆನಿಯ ಪಾಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ನಡೆದ ಹಂಚಿಕೆಯಲ್ಲಿ ಘಟ್ಟದ ಮೇಲಣ ಹೊಸೂರು ಸೀಮೆಯೂ ಸೇಲಂ ಜಿಲ್ಲೆಗೆ ಹೋಯಿತು. ಎಲೆಕ್ಟ್ರಾನಿಕ್ ಸಿಟಿಯಿಂದ ತೆಂಕಣಕ್ಕೆ ಹೊರಟವರು ಅತ್ತಿಬೆಲೆಯಲ್ಲಿ ದಾಟುವ ಎಲ್ಲೆ ಆ ಹಂಚಿಕೆಯ ಗುರುತು. ಅಲ್ಲಿ ಹೊಳೆಯಿಲ್ಲ, ಬೆಟ್ಟವಿಲ್ಲ, ಮಣ್ಣಿನ ಬಣ್ಣವೂ ಬೇರೆಯಲ್ಲ. ರಾಗಿ ಆಚೆಯೂ ಬೆಳೆಯುವುದು, ಈಚೆಯೂ ಬೆಳೆಯುವುದು. ಎರಡು ನೂರು ವರ್ಷಗಳ ಹಿಂದಣ ಒಂದು ಯುದ್ಧ ಮಾತ್ರ ನಡುವೆ ನಿಂತಿದೆ.

ಇದೊಂದು ಸೀಮೆಯ ಮಾತಲ್ಲ. ಕನ್ನಡನಾಡು ಹರಿದು ಹಂಚಿಹೋದುದೇ ಯುದ್ಧಗಳ ಫಲವಾಗಿ. 1799ರಲ್ಲಿ ಕರಾವಳಿಯ ಕನ್ನಡ ಜಿಲ್ಲೆ ಕಂಪೆನಿಗೆ; 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಬಳ್ಳಾರಿ ಮದರಾಸಿಗೆ; 1818ರಲ್ಲಿ ಪೇಶ್ವೆಯು ಸೋತುದರಿಂದ ಧಾರವಾಡದ ಸೀಮೆ ಮುಂಬಯಿಗೆ; 1834ರಲ್ಲಿ ಕೊಡಗು ಇಂಗ್ಲಿಷರಿಗೆ; ಕಲಬುರ್ಗಿ, ರಾಯಚೂರು, ಬೀದರುಗಳು ಹೈದರಾಬಾದಿನಲ್ಲಿ. ಪ್ರಜೆಗಳನ್ನು ಯಾರೂ ಕೇಳಲಿಲ್ಲ. ಸೇನಾಧಿಪತಿಗಳ ಡೇರೆಯಲ್ಲಿ ಎಳೆದ ಗೆರೆಗಳು ಮುಂದೆ ಶಾಲೆಯ ಭಾಷೆಯಾದುವು, ಕಚೇರಿಯ ಭಾಷೆಯಾದುವು, ಅಣ್ಣತಮ್ಮಂದಿರ ನಡುವಣ ಅಪರಿಚಿತತೆಯಾದುವು.

ಆ ಗೆರೆಗಳನ್ನು ಅಳಿಸಿದುದು ಮತ್ತೊಂದು ಯುದ್ಧವಲ್ಲ ಎಂಬುದೇ ಕನ್ನಡಿಗರ ಹೆಮ್ಮೆ. 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ, 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು, 1924ರಲ್ಲಿ ಬೆಳಗಾವಿಯಲ್ಲಿ ಏಕೀಕರಣ ಸಮ್ಮೇಳನ, ಆಲೂರು ವೆಂಕಟರಾಯರ ಬರಹ, 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರ ಉಪವಾಸ: ಹೀಗೆ ಸಭೆ, ಗ್ರಂಥ, ತಪಸ್ಸುಗಳಿಂದ ನಾಡು ಒಂದಾಗಿ 1956ರ ನವೆಂಬರ್ 1ರಂದು ಏಕೀಕರಣ ಕೈಗೂಡಿತು, 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂದಿತು. ಹೊಸೂರು ಆಚೆ ಉಳಿಯಿತು, ಕಾಸರಗೋಡೂ ಆಚೆ ಉಳಿಯಿತು. ಅಲ್ಲಿಯ ಕನ್ನಡ ಮಕ್ಕಳಿಗೆ ತಾಯ್ನುಡಿಯ ಪಾಠವೂ ಕನ್ನಡದ ಪುಸ್ತಕವೂ ತಪ್ಪದಂತೆ ನೋಡುವುದು ನಮ್ಮ ಕರ್ತವ್ಯ. ನೆರೆಯವರ ಮೇಲೆ ಹಗೆ ಬೆಳೆಸುವುದು ಕರ್ತವ್ಯವಲ್ಲ. ಯುದ್ಧದ ಗೆರೆಯನ್ನು ಹಗೆಯಿಂದ ತಿದ್ದಹೊರಟರೆ ಅದು ಇನ್ನೂ ಆಳವಾಗುವುದು.

ದಂಡಿನಿಂದ ಕಾರ್ಖಾನೆಗೆ

ಗೆದ್ದವರು ಬೀಡುಬಿಟ್ಟರು. 1809ರಲ್ಲಿ ಹಲಸೂರಿನ ಬಳಿ ದಂಡುಪ್ರದೇಶ ಹುಟ್ಟಿತು. 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿ ಬಂದರೂ ಆ ಭಾಗ ಇಂಗ್ಲಿಷರಲ್ಲಿಯೇ ಉಳಿದು 1947ರ ಜುಲೈ ತಿಂಗಳಿನಲ್ಲಷ್ಟೇ ಮೈಸೂರಿಗೆ ಸೇರಿತು. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ಹುಟ್ಟಿ ಇಬ್ಬರಿಂದಲೂ ಪೂರ್ಣವಾಗಿ ಸ್ವೀಕೃತವಾಗದೆ ಇದ್ದ ಯುರೇಷಿಯನ್ ಜನರಿಗೆ ಒಂದು ನೆಲೆ ಬೇಕೆಂದು ಡಿ. ಎಸ್. ವೈಟ್ ಎಂಬವರು ಶ್ರಮಿಸಿದರು. ಚಾಮರಾಜ ಒಡೆಯರು 1882ರಲ್ಲಿ ಅವರ ಸಂಘಕ್ಕೆ 3,900 ಎಕರೆ ಭೂಮಿಯನ್ನು ಕೊಟ್ಟರು. ವೈಟ್‌ಫೀಲ್ಡ್ ಎಂಬುದು ಆ ವೈಟರ ಹೆಸರಿನ ಊರು. ಬೇಸಾಯ ಮಾಡಿ ಬದುಕಬೇಕೆಂದು ಬಂದವರ ಆ ಹಳ್ಳಿಯೂ ದೂರದಿಂದ ನೋಡಿದರೆ ಒಂದು ವಿಜಯದ ಬಹುದೂರದ ಪರಿಣಾಮವೇ ಆಗಿದೆ.

ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳು ಯೂರೋಪಿನಲ್ಲಿ ಹೊತ್ತಿಕೊಂಡುವು. ಬೂದಿ ಇಲ್ಲಿಯೂ ಬಿದ್ದಿತು. ಮೈಸೂರಿನ ಲ್ಯಾನ್ಸರ್ಸ್ ದಳದವರು 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಕದನದಲ್ಲಿ ಕಾದಿದರು. ಆ ದಳದ ಸ್ಮಾರಕ ಜಯಚಾಮರಾಜೇಂದ್ರ ನಗರದಲ್ಲಿದೆ. ಎರಡನೆಯ ಮಹಾಯುದ್ಧ ನೆಲದ ರೂಪವನ್ನೇ ತಿದ್ದಿತು. ಕಡಲತೀರದಿಂದ ದೂರ, ಒಣಹವೆ, ಶಿವನಸಮುದ್ರದ ವಿದ್ಯುತ್ತು, ವಿಜ್ಞಾನಮಂದಿರದ ನೆರೆ, ಇವೆಲ್ಲ ಒಂದೆಡೆ ಇದ್ದುದರಿಂದ 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಸೇರಿ ಇಲ್ಲಿ ವಿಮಾನ ಕಾರ್ಖಾನೆಯನ್ನು ತೆರೆದರು. ದಿವಾನ್ ಮಿರ್ಜಾ ಇಸ್ಮಾಯಿಲರು ಅದಕ್ಕೆ ನೆಲವನ್ನೊದಗಿಸಿದರು. 1943ರಲ್ಲಿ ಅದು ಅಮೆರಿಕದ ವಾಯುದಳದ ದುರಸ್ತಿ ಕೇಂದ್ರವಾಯಿತು. ದುರಸ್ತಿಗೆ ಬಂದ ಕೆಟಲಿನಾ ಎಂಬ ನೀರುವಿಮಾನಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿದುವು. ಗದ್ದೆಗೆ ನೀರುಣಿಸಲೆಂದು ಕಟ್ಟಿದ ಕೆರೆಗೆ ಯುದ್ಧವು ಎಂಥ ಕೆಲಸವನ್ನು ಹಚ್ಚಿತೆಂಬುದನ್ನು ನೋಡಿರಿ.

ಬಡಗಣ ದಿಕ್ಕಿನಲ್ಲಿ ಜಾಲಹಳ್ಳಿಯೂ ಹೀಗೆಯೇ. ಆಫ್ರಿಕದ ರಣರಂಗದಲ್ಲಿ ಸೆರೆಸಿಕ್ಕಿದ ಇಟಲಿಯ ಕೈದಿಗಳ ಶಿಬಿರಗಳೂ ಗಾಯಗೊಂಡ ಸೈನಿಕರ ಆಸ್ಪತ್ರೆಗಳೂ ಅಲ್ಲಿ ಎದ್ದುವು. ಸ್ವಾತಂತ್ರ್ಯಾನಂತರ ಆ ಸೀಮೆಯಲ್ಲಿಯೇ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಸೇನೆಗೆ ರೇಡಿಯೋ ಸಲಕರಣೆಗಳನ್ನು ಮಾಡಿಕೊಡುವ ಭಾರತ್ ಎಲೆಕ್ಟ್ರಾನಿಕ್ಸ್ ನೆಲೆಸಿದುವು; ಅವುಗಳ ಮಗ್ಗುಲಲ್ಲಿ 1970ರ ದಶಕದ ಕೊನೆಗೆ ಪೀಣ್ಯದ ಕೈಗಾರಿಕಾ ವಸಾಹತು ಬೆಳೆಯಿತು. ಸೈನ್ಯದ ಅಗತ್ಯದಿಂದ ಕಲಿತ ಕೈಕಸಬು ಮುಂದೆ ಲಕ್ಷಾಂತರ ಸಂಸಾರಗಳಿಗೆ ಅನ್ನವಾಯಿತು. ಇದನ್ನು ನಾವು ಹಳಿಯುವವರಲ್ಲ. ಅನ್ನ ಅನ್ನವೇ. ಆದರೆ ಆ ಅನ್ನಕ್ಕೆ ನೆಲವೂ ನೀರೂ ತೆತ್ತ ಬೆಲೆಯನ್ನು ಲೆಕ್ಕದಿಂದ ಬಿಡಲಾಗದು. ನೀರುವಿಮಾನಗಳು ಇಳಿದ ಬೆಳ್ಳಂದೂರು ಕೆರೆ ನಗರದ ಕೊಳಚೆ ತುಂಬಿ ನೊರೆಯೆದ್ದು 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಹತ್ತಿಕೊಂಡಿತು. 2018ರ ಜನವರಿಯಲ್ಲಿ ಆ ಬೆಂಕಿಯನ್ನು ಆರಿಸಲು ಸೈನಿಕರೇ ಬರಬೇಕಾಯಿತು. ಟೀಪುವಿನ ಕಾಲದಲ್ಲಿ ಹುಲ್ಲು ಸುಟ್ಟುದು ಯುದ್ಧದಲ್ಲಿ; ನಮ್ಮ ಕಾಲದಲ್ಲಿ ಕೆರೆ ಸುಟ್ಟುದು ಶಾಂತಿಯಲ್ಲಿ. ಯಾವುದು ಹೆಚ್ಚು ನಾಚಿಕೆಗೇಡು ಎಂಬುದನ್ನು ಸಭಿಕರೇ ನಿರ್ಣಯಿಸಲಿ.

ನಮ್ಮ ಋಣ

ಈಗ ಋಣದ ಮಾತು. ನೆತ್ತರುಗೊಡಗೆಯನ್ನು ಉಣ್ಣುವವರಿಗೆ ಒಂದು ಹೊಣೆಯಿತ್ತು. ಸತ್ತವನ ಹೆಸರನ್ನು ಅಳಿಯಗೊಡಬಾರದು. ಕೊಟ್ಟ ದತ್ತಿಯನ್ನು ಅಳಿದವನಿಗೆ ಕವಿಲೆಯನ್ನು ಕೊಂದ ಪಾಪವೆಂದು ನಮ್ಮ ಶಾಸನಗಳು ಕೊನೆಯಲ್ಲಿ ಶಪಿಸುತ್ತವೆ. ಇಂದು ಆ ಬೆಂಪೂರು ಹನ್ನೆರಡರ ನೆಲವನ್ನು ಉಣ್ಣುತ್ತಿರುವವರು ಯಾರು? ಅಲ್ಲಿ ಮನೆ ಕಟ್ಟಿದವರು, ದುಡಿಯಲು ಬಂದವರು, ಶಾಲೆ ನಡೆಸುವವರು, ತೆರಿಗೆ ಎತ್ತುವವರು, ಎಂದರೆ ನಾವೆಲ್ಲರೂ. ಆದರೆ ವೀರಗಲ್ಲುಗಳ ಗತಿಯೇನಾಗಿದೆ? ಕೆಲವು ಬಟ್ಟೆ ಒಗೆಯುವ ಹಾಸುಗಲ್ಲಾಗಿವೆ. ಕೆಲವು ರಸ್ತೆ ಅಗಲಿಸುವಾಗ ಮಣ್ಣಿನಡಿ ಹೋಗಿವೆ. ಕೆಲವಕ್ಕೆ ಬಣ್ಣ ಬಳಿದು, ಅಕ್ಷರ ಮುಚ್ಚಿ, ಹೆಸರಿಲ್ಲದ ದೇವರನ್ನಾಗಿ ಮಾಡಲಾಗಿದೆ. ಕೊನೆಯವು ಕಲ್ಲಾಗಿಯಾದರೂ ಉಳಿದುವೆಂದು ಸಂತೋಷಪಡಬೇಕಾದ ಕಾಲ ಬಂದಿದೆ.

1905ರಲ್ಲಿ ಬಿ. ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದರು. ಅವರು ಪರದೇಶದವರ ವಂಶದಲ್ಲಿ ಹುಟ್ಟಿದವರು. ಹೆದ್ದಾರಿಯಿಲ್ಲದ ಕಾಲದಲ್ಲಿ ಹಳ್ಳಿಹಳ್ಳಿಯ ಕಲ್ಲನ್ನು ಓದಿಸಿದರು. ಈಚೆಗೆ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಸುತ್ತಣ ಶಾಸನಗಳಿಗೆ ಯಂತ್ರದಿಂದ ಮೂರಾಯಾಮದ ಪ್ರತಿಗಳನ್ನು ತೆಗೆಯುತ್ತಿದ್ದಾರೆ. ಕಲ್ಲು ಅಳಿದರೂ ಅಕ್ಷರ ಉಳಿಯಲೆಂದು ಅವರ ಯತ್ನ. ಇದು ಸ್ತುತ್ಯವಾದ ಕೆಲಸ. ಆದರೆ ಪ್ರತಿಯನ್ನು ಪಂಡಿತರು ಕಾಪಾಡಬಹುದು. ಕಲ್ಲನ್ನು ಕಾಪಾಡಬೇಕಾದವರು ಊರವರೇ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನಮ್ಮ ಬಿನ್ನಹ ಇಷ್ಟು. ವರ್ಷಕ್ಕೊಂದು ದಿನ ಮಕ್ಕಳನ್ನು ತಮ್ಮ ಊರಿನ ಕಲ್ಲಿನ ಬಳಿಗೆ ಕರೆದೊಯ್ಯಿರಿ. ಅದು ಇರುವ ಸ್ಥಳವನ್ನೂ ಅದರ ಅಳತೆಯನ್ನೂ ಅದರ ಮೇಲಿನ ಚಿತ್ರವನ್ನೂ ಅವರ ಕೈಯಿಂದಲೇ ಬರೆಯಿಸಿ ಶಾಲೆಯಲ್ಲಿಡಿರಿ. ಹಳಗನ್ನಡದ ಲಿಪಿಯಲ್ಲಿ ಹತ್ತು ಅಕ್ಷರಗಳನ್ನಾದರೂ ಗುರುತಿಸುವುದನ್ನು ಕಲಿಸಿರಿ. ಕೆರೆಯ ಏರಿಯ ಮೇಲೆ ನಡೆಸಿ, ಕಟ್ಟಿದವರ ಹೆಸರನ್ನು ಹೇಳಿರಿ. ಬಿಹಾರದಿಂದಲೋ ಬಂಗಾಳದಿಂದಲೋ ದುಡಿಯಲು ಬಂದವರ ಮಗು ತರಗತಿಯಲ್ಲಿದ್ದರೆ ಅದನ್ನೂ ಕೈಹಿಡಿದು ಕರೆದುಕೊಂಡು ಹೋಗಿರಿ. ಕನ್ನಡ ಕಲಿಸಲು ಆ ಕಲ್ಲಿಗಿಂತ ಒಳ್ಳೆಯ ಹಲಗೆ ದೊರೆಯದು. ಪುರಜನರಲ್ಲಿ ನಮ್ಮ ಬಿನ್ನಹ ಇನ್ನೂ ಚಿಕ್ಕದು: ಪಾಯ ತೋಡುವಾಗ ಕೆತ್ತನೆಯ ಕಲ್ಲು ಸಿಕ್ಕರೆ ಒಂದು ದಿನ ಕೆಲಸ ನಿಲ್ಲಿಸಿ, ಬಲ್ಲವರಿಗೆ ತಿಳಿಸಿರಿ.

ಯುದ್ಧವು ನೆಲದ ಮೇಲೆ ಬರೆಯುವುದನ್ನು ನಾವು ತಡೆಯಲಾರದೆ ಹೋಗಬಹುದು. ಬರೆದುದರಲ್ಲಿ ಏನನ್ನು ನೆನಪಿಡಬೇಕೆಂಬುದು ನಮ್ಮ ಕೈಯಲ್ಲಿದೆ. ಗೆದ್ದವರ ಗರ್ವವನ್ನು ನೆನಪಿಟ್ಟರೆ ಮತ್ತೊಂದು ಯುದ್ಧ ಹುಟ್ಟುವುದು. ಊರನ್ನು ಕಾಪಾಡಿ ಬಿದ್ದವನನ್ನೂ ಸುಟ್ಟ ಹುಲ್ಲನ್ನೂ ಕೊಯ್ದ ನಾಡನ್ನೂ ನೆನಪಿಟ್ಟರೆ ಒಂದು ನಾಡು ಹುಟ್ಟುವುದು. ಏಕೀಕರಣದ ಹಿರಿಯರು ಭೂಪಟವನ್ನು ಒಂದುಗೂಡಿಸಿ ಕೊಟ್ಟು ಹೋದರು. ನೆನಪನ್ನು ಒಂದುಗೂಡಿಸುವ ಕೆಲಸ ನಮಗೆ ಉಳಿದಿದೆ. ಅದನ್ನು ತಾವು ಕೈಗೊಳ್ಳುವಿರೆಂದು ನಂಬಿ, ನಮ್ಮ ಮಾತನ್ನು ಮುಗಿಸುವೆವು.

ಸಿರಿಗನ್ನಡಂ ಗೆಲ್ಗೆ.